ಗೋರ್ಖಾದ ಶಾಲೆಯ ಹಿಂದೆ ತೋಡಿದ ಬಸಿಗಾಲುವೆ

ನೇಪಾಳದಲ್ಲಿ ಶಾಲೆ ಕಟ್ಟೋಕೆ ಹೋಗಿ ಬಂದವನು ಅಂತ ಶಿರಸಿಯಲ್ಲಿ ಒಂದಿಬ್ಬರು ನನ್ನನ್ನು ಈಗಲೂ ಮೇಸ್ತ್ರಿ ಅಂತಲೇ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ಆ ಶಾಲೆಯ ಗೋಡೆಯಲ್ಲಿ ನಾನಿಟ್ಟ ಕಲ್ಲು ಒಂದೂ ಇಲ್ಲ. ಮೂರು ವಾರದಲ್ಲಿ ನಾನು ಮಾಡಿದ್ದು ಎರಡೇ ಕೆಲಸ. ನೀರು ಹೊತ್ತೆ, ಕಾಲುವೆ ತೋಡಿದೆ. ಹಾಳು ಮಾಡಿದ್ದು ಒಂದು. ಅದನ್ನೂ ಹೇಳುತ್ತೇನೆ.

2018ರ ನವೆಂಬರ್. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಅಡಿಕೆ ಕೊನೆ ಕೊಯ್ಲು ಜೋರಾಗುವ ಮೊದಲು ವಾಪಸ್ ಬರಬೇಕು ಅನ್ನೋದು ಅಪ್ಪನ ಕರಾರು. ಹುಡುಗರನ್ನು ಹೊರದೇಶಕ್ಕೆ ಸೇವೆಗೆ ಕಳಿಸುವ ಒಂದು ಸಂಸ್ಥೆಗೆ 28,000 ರೂಪಾಯಿ ಕಟ್ಟಿದೆ. ಊಟ, ವಸತಿ, ತರಬೇತಿ ಎಲ್ಲ ಸೇರಿ ಅಂದಿದ್ದರು. ತರಬೇತಿ ಅಂದರೆ ಒಂದು ಮಧ್ಯಾಹ್ನ ಗೋಡೆ ಮೇಲೆ ಫೋಟೋ ತೋರಿಸಿದ್ದು, ಅಷ್ಟೇ. ಗುದ್ದಲಿ ಹಿಡಿಯೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ.

ಯಶವಂತಪುರದಿಂದ ಗೋರಖಪುರಕ್ಕೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ನಮಗೆ ವೀಸಾ ಬೇಡ, ವೋಟರ್ ಐಡಿ ಸಾಕು. ನಮ್ಮ 100 ರೂಪಾಯಿಗೆ ಅವರ 160. ಆದರೆ ಮಕ್ಕಳ ನೋಟ್ ಪುಸ್ತಕದಲ್ಲಿ ಇಸವಿ 2075 ಅಂತ ಇದ್ದದ್ದು ನೋಡಿದಾಗಲೇ ಹೊರದೇಶಕ್ಕೆ ಬಂದಿದ್ದೇನೆ ಅನಿಸಿದ್ದು. ಅವರದು ವಿಕ್ರಮ ಶಕೆ. ಆಗ ಭಾನುವಾರ ಶಾಲೆ ಇರುತ್ತಿತ್ತು, ಶನಿವಾರ ರಜೆ.

ಆ ಶನಿವಾರದ ರಜೆಯೇ ಎಷ್ಟೋ ಮಕ್ಕಳ ಜೀವ ಉಳಿಸಿದ್ದು. 2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ಇನ್ನು ನಾಲ್ಕು ನಿಮಿಷ ಇರುವಾಗ ಭೂಕಂಪ. ತೀವ್ರತೆ 7.8. ಕೇಂದ್ರ ಇದೇ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ. ಹೆಚ್ಚುಕಡಿಮೆ 9,000 ಜನ ಸತ್ತರು. ಸಾವಿರಾರು ಶಾಲೆ ಕೊಠಡಿ ನೆಲಕ್ಕೆ ಬಿದ್ದವು, ಆದರೆ ಒಳಗೆ ಮಕ್ಕಳಿರಲಿಲ್ಲ. ನಾವು ಹೋದ ಹಳ್ಳಿಯಲ್ಲಿ ಮೂರೂವರೆ ವರ್ಷ ಆದ ಮೇಲೂ ತಗಡಿನ ಶೆಡ್ಡಿನಲ್ಲೇ ಪಾಠ.

ಹಳೇ ಗೋಡೆ ಯಾಕೆ ಬಿತ್ತು ಅಂತ ಅಲ್ಲಿನ ಮೇಸ್ತ್ರಿ ನನಗೆ ಎರಡು ಕೈ ಜೋಡಿಸಿ ತೋರಿಸಿದ. ಅವನನ್ನು ಎಲ್ಲರೂ ದಾಯಿ ಅಂತಿದ್ದರು, ಅಂದರೆ ಅಣ್ಣ. ಕಾಡುಕಲ್ಲಿನ ಗೋಡೆ ಹೊರಗಿಂದ ಒಂದೇ ಗೋಡೆ ಥರ ಕಾಣುತ್ತೆ. ಒಳಗೆ ಎರಡು ಪದರ, ನಡುವೆ ಚೂರುಕಲ್ಲು, ಮಣ್ಣು. ನೆಲ ಅಲುಗಿದರೆ ಎರಡು ಪದರ ಬೇರೆ ಬೇರೆಯಾಗಿ ಉಬ್ಬಿ ಜಾರುತ್ತವೆ. ಅವನ ಅಂಗೈಗಳು ಮೆಲ್ಲಗೆ ಬಿಟ್ಟುಕೊಂಡವು. ಆಮೇಲೆ ಬೆರಳಿಗೆ ಬೆರಳು ಹೆಣೆದು ಎಳೆದು ತೋರಿಸಿದ. ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲು ಇಡಬೇಕು. ಪಂಚಾಂಗದ (ಅಡಿಪಾಯದ) ಮೇಲೆ, ಕಿಟಕಿ ಕೆಳಗೆ, ಕಿಟಕಿ ಮೇಲೆ, ಮಾಡಿನ ಕೆಳಗೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಬೇಕು. ನಮ್ಮ ಚಿರೆಕಲ್ಲು ಇಟ್ಟಿಗೆ ಹಾಗೆ ಚೌಕ, ಇಟ್ಟರೆ ಕೂರುತ್ತದೆ. ಅಲ್ಲಿಯ ಕಲ್ಲು ಹಾಗಲ್ಲ. ಒಂದೊಂದನ್ನೂ ತಿರುಗಿಸಿ, ಮುಖ ನೋಡಿ, ಸುತ್ತಿಗೆಯಲ್ಲಿ ಎರಡು ಏಟು ಕೊಟ್ಟು ಕೂರಿಸಬೇಕು. ಅದು ಮೂರು ವಾರದ ವಿದ್ಯೆಯಲ್ಲ. ಮೊದಲ ದಿನವೇ ದಾಯಿ ನಮ್ಮ ಕೈಯಿಂದ ಸುತ್ತಿಗೆ ಕಸಿದುಕೊಂಡ. ಸರಿಯಾಗೇ ಮಾಡಿದ.

ಈಗ ಹಾಳು ಮಾಡಿದ ಕಥೆ. ನಾವು ಎಂಟು ಜನ ಹುಡುಗರು. ಸುತ್ತಿಗೆ ಹೋದ ಮೇಲೆ ಕಾಂಕ್ರೀಟ್ ಕಲಸುವ ಕೆಲಸ ಸಿಕ್ಕಿತು. ಅಲ್ಲಿ ದಾಲ್ ಭಾತ್ ಊಟ ಬೆಳಿಗ್ಗೆ ಹತ್ತಕ್ಕೇ. ಊಟಕ್ಕೆ ಮುಂಚೆ ಎರಡು ಚೀಲ ಕಲಸಿಟ್ಟುಬಿಡೋಣ, ಬಂದು ಹಾಕಿದರಾಯಿತು ಅಂತ ನಾನೇ ಹೇಳಿದ್ದು. ನೀರು ಬಿದ್ದ ಕಾಂಕ್ರೀಟನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ಹಾಕಿ ಮುಗಿಸಬೇಕು ಅಂತ ಗೊತ್ತಿರಲಿಲ್ಲ. ಊಟ ಆಯಿತು, ಮಕ್ಕಳ ಜೊತೆ ಫೋಟೋ ಆಯಿತು. ಬಂದು ನೋಡಿದರೆ ಸಲಿಕೆ ಹಾಕಿದಲ್ಲಿ ಟಣ್ ಅಂತಿದೆ. ನೀರು ಹಾಕಿ ಮತ್ತೆ ಕಲಸೋಣ ಅಂತ ಒಬ್ಬ ಹೊರಟ. ದಾಯಿ ಕೈ ಹಿಡಿದು ನಿಲ್ಲಿಸಿದ. ಹಾಗೆ ಮಾಡಿದರೆ ಬಲವೇ ಬರಲ್ಲ.

ಸಿಮೆಂಟ್ ಚೀಲ ಒಂದಕ್ಕೆ 50 ಕೆಜಿ. ರಸ್ತೆಯಿಂದ ಶಾಲೆಗೆ ಒಂದು ಗಂಟೆಯ ಏರು. ಲಾರಿ ಇಲ್ಲ, ಕತ್ತೆಯೂ ಇಲ್ಲ. ಊರಿನ ಹೆಂಗಸರು ಹಣೆಗೆ ಪಟ್ಟಿ ಕೊಟ್ಟು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಆ ಪಟ್ಟಿಗೆ ನಾಮ್ಲೋ ಅಂತಾರೆ. ಅವತ್ತು ಚೀಲ ಹೊತ್ತು ತಂದ ಅಕ್ಕ ಅಲ್ಲೇ ನಿಂತಿದ್ದಳು. ಚಪ್ಪಲಿ ಕಾಲಿನಿಂದ ಆ ಗಟ್ಟಿ ಗುಡ್ಡೆಯನ್ನು ಎರಡು ಸಲ ತಟ್ಟಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಣೆಪಟ್ಟಿ ಸರಿ ಮಾಡಿಕೊಂಡು ಮತ್ತೆ ಕೆಳಗೆ ಇಳಿದಳು.

ಅವತ್ತಿನಿಂದ ನಾನು ನೀರಿನವನಾದೆ. ಕಾಂಕ್ರೀಟ್ ಪಟ್ಟಿ ಹಾಕಿದ ಮೇಲೆ ಕಡೇಪಕ್ಷ ಏಳು ದಿನ ಒಣಗೋಕೆ ಬಿಡಬಾರದು. ಬೆಟ್ಟದ ಬಿಸಿಲು ತೆಳು ಅನಿಸಿದರೂ ಗಾಳಿಗೆ ಬೇಗ ಒಣಗುತ್ತೆ. ಅಲ್ಲಿ ಕೂಲಿಗೆ ಬರುವವರು ಕಲ್ಲು ಹೊರೋದು ಬಿಟ್ಟು ನೀರು ಹಾಕುತ್ತಾ ಕೂರೋಕೆ ಆಗಲ್ಲ. ಪುರಸೊತ್ತು ಇದ್ದದ್ದು ನಮಗೆ. ಪಟ್ಟಿ ಮೇಲೆ ಭತ್ತದ ಹುಲ್ಲು ಹರಡಿ, ದಿನಕ್ಕೆ ಐದು ಸಲ ನೆನೆಸಿದೆ. ಹುಲ್ಲು ಇಲ್ಲದಿದ್ದರೆ ನೀರು ಜಾರಿ ಹೋಗುತ್ತಿತ್ತು. ಮನೆಯಲ್ಲಿ ಟಾಂಕಿ ಕಟ್ಟಿದಾಗ ಅಪ್ಪ ಹಾಗೇ ಮಾಡಿದ್ದ.

ಒರತೆಗೆ ಹೋಗಿಬರುವ ದಾರಿ ಶಾಲೆಯ ಹಿಂದೆಯೇ. ದಿನಾ ಓಡಾಡುವಾಗ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ, ಕಣ್ಣಿಗೆ ಬಿತ್ತು. ಜಾಗ ಮಟ್ಟ ಮಾಡೋಕೆ ಗುಡ್ಡ ಕಡಿದಿದ್ದರು. ಆಳೆತ್ತರದ ಧರೆ. ಅದರಲ್ಲಿ ಮೇಲಿಂದ ಕೆಳಗೆ ಗೀರುಗಳು, ಬುಡದಲ್ಲಿ ಬೀಸಣಿಗೆ ಥರ ಹರಡಿದ ನುಣ್ಣನೆಯ ಮಣ್ಣು. ಘಟ್ಟದ ಅಡಿಕೆ ತೋಟದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಸಿಗಾಲುವೆ ಮುಚ್ಚಿದ ವರ್ಷ ತೋಟದ ಗತಿ ಏನಾಗುತ್ತೆ ನೋಡಿದ್ದೇನೆ. ಮಳೆಗಾಲದಲ್ಲಿ ಇಲ್ಲಿ ನೀರು ಎಲ್ಲಿ ಹೋಗುತ್ತೆ ಅಂತ ನನ್ನ ಹರಕು ಹಿಂದಿಯಲ್ಲಿ ದಾಯಿಯನ್ನು ಕೇಳಿದೆ. ಅವನು ತಗಡಿನ ಶೆಡ್ ತೋರಿಸಿದ. ಮಣಕಾಲೆತ್ತರಕ್ಕೆ ಕೆಸರಿನ ಗುರುತು.

ನಕ್ಷೆಯಲ್ಲಿ ಕಾಲುವೆ ಇತ್ತಂತೆ. ದುಡ್ಡು ಕಮ್ಮಿ ಬಂದಾಗ ಮೊದಲು ಕೈಬಿಟ್ಟಿದ್ದೇ ಅದು. ಎಲ್ಲ ಕಡೆಯೂ ಹಾಗೇ ಅಲ್ವಾ, ಗೋಡೆಗಾದರೆ ದಾನಿಗಳ ಹೆಸರು ಬರೆಯಬಹುದು, ಗಟಾರಕ್ಕೆ ಯಾರು ಬರೆಸುತ್ತಾರೆ?

ಉಳಿದ ಎಂಟು ದಿನ ನಾವೆಲ್ಲ ಅದನ್ನೇ ತೋಡಿದೆವು. ಇದಕ್ಕೆ ಸಿಮೆಂಟ್ ಬೇಡ, ಮೇಸ್ತ್ರಿ ಬೇಡ. ಗುದ್ದಲಿ, ಹಾರೆ, ಬೆನ್ನು ಸಾಕು. ಧರೆಯ ಮೇಲ್ಗಡೆ, ಅಂಚಿನಿಂದ ಎರಡು ಮೀಟರ್ ಬಿಟ್ಟು, 40 ಮೀಟರ್ ಉದ್ದ. ಇಳಿಜಾರು ನೋಡೋಕೆ ನೀರು ತುಂಬಿದ ಲೆವೆಲ್ ಪೈಪು. ಹತ್ತು ಮೀಟರಿಗೆ ಒಂದು ಗೇಣಿಗಿಂತ ಕಮ್ಮಿ ಇಳಿಸಿದೆವು. ಜಾಸ್ತಿ ಇಳಿಸಿದರೆ ನೀರೇ ಕಾಲುವೆಯನ್ನು ಕೊರೆಯುತ್ತೆ, ಕಮ್ಮಿಯಾದರೆ ಮಣ್ಣು ಕೂರುತ್ತೆ. ಕಡಿದಾದ ಕಡೆ ಮೆಟ್ಟಿಲು ಮಾಡಿ, ದಾಯಿ ಬೇಡವೆಂದು ಬಿಸಾಕಿದ ಕಲ್ಲನ್ನು ತಳಕ್ಕೆ ಹಾಸಿದೆವು. ಮಧ್ಯೆ ಹಸಿವಾದರೆ ಢಿಂಡೋ, ಅಂದರೆ ಕೋಡೋ ಹಿಟ್ಟಿನ ಮುದ್ದೆ. ಕೋಡೋ ಅಂದರೆ ನಮ್ಮ ರಾಗಿಯೇ. ನಮ್ಮ ಕಡೆ ಮುದ್ದೆ ರೂಢಿಯಿಲ್ಲ. ಕರ್ನಾಟಕದವನಾಗಿ ನಾನು ರಾಗಿ ಮುದ್ದೆ ನುಂಗೋದು ಕಲಿತಿದ್ದು ನೇಪಾಳದಲ್ಲಿ!

ಈಗ ಯಾರಾದರೂ ಹುಡುಗರು ಹೋಗಬೇಕು ಅಂತ ಕೇಳಿದರೆ, ಕಳಿಸುವವರಿಗೆ ಎರಡು ಪ್ರಶ್ನೆ ಕೇಳಿ ಅಂತೀನಿ. ನಾನು ಕಟ್ಟುವ ದುಡ್ಡಿನಲ್ಲಿ ಆ ಊರಿನ ಮೇಸ್ತ್ರಿಗೆ ಎಷ್ಟು ಹೋಗುತ್ತೆ? ನಾನು ಬರದಿದ್ದರೆ ಅಲ್ಲಿ ಯಾವ ಕೆಲಸ ನಿಲ್ಲುತ್ತೆ? ಎರಡನೆಯದಕ್ಕೆ ತಡವರಿಸಿದರೆ ಸುಮ್ನೆ ದುಡ್ಡು ಮಾತ್ರ ಕಳಿಸಿ.

ಮರುವರ್ಷ ಜುಲೈ ಕೊನೆಗೆ ಅಲ್ಲಿಯ ಮೇಷ್ಟ್ರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ನಮ್ಮಲ್ಲೂ ಧೋ ಅಂತ ಮಳೆ. ಜಗಲಿಯಲ್ಲಿ ಕೂತು ನೋಡಿದೆ. ಕಾಲುವೆ ತುಂಬಾ ಕೆಂಪು ನೀರು ಓಡುತ್ತಿದೆ, ಶಾಲೆಯ ಅಂಗಳ ಒಣಗಿಲ್ಲದಿದ್ದರೂ ಕೆಸರಿಲ್ಲ. ಅಪ್ಪನಿಗೂ ತೋರಿಸಿದೆ. ಅಪ್ಪ ಕೊನೆವರೆಗೂ ನೋಡಿ, "ನೀರನ್ನ ಬಿಟ್ಟಿದ್ದೆಲ್ಲಿ?" ಅಂದ. ವಿಡಿಯೋದ ಕೊನೆಯಲ್ಲಿ ಕಾಲುವೆಯ ಬಾಯಿಂದ ನೀರು ಧುಮುಕಿ ಕೆಳಗಿನ ಯಾರದೋ ಜೋಳದ ಗದ್ದೆಗೆ ನುಗ್ಗುತ್ತಿತ್ತು. ಕಾಲುವೆ ಬಾಯಿ ಯಾರ ಕಡೆ ತಿರುಗಿಸಬೇಕು ಅಂತಲೇ ನಮ್ಮೂರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅಂಥ ಊರಿನವನು ನಾನು. ಮೇಷ್ಟ್ರಿಗೆ ಫೋನ್ ಮಾಡಿದೆ. ಗದ್ದೆಯವನು ಆಗಲೇ ಬಂದು ಕೂಗಾಡಿ ಹೋಗಿದ್ದನಂತೆ. ಮಳೆ ನಿಂತ ಮೇಲೆ ಊರವರೇ ಇನ್ನೂ 12 ಮೀಟರ್ ತೋಡಿ ಹಳ್ಳಕ್ಕೆ ಸೇರಿಸಿದರು.