ಮಾವ, ಸದ್ದು ಎಲ್ಲಿಂದ ಬರ್ತಿತ್ತು? ಮನೆಯವರು ಹತ್ತಿದ ಹಳೇ ಬ್ರಿಟಿಷ್ ಜೆಟ್ ಯಾವ್ದು ಅಂತ ಕಂಡುಹಿಡಿಯೋದು ಹೇಗೆ

ಮುಂಬೈನಲ್ಲಿ ಎರಡು ಮೂರು ತಲೆಮಾರಿಂದ ಇರೋ ನಮ್ಮ ಕನ್ನಡದವರ ಮನೇಲಿ ಲಾಫ್ಟ್ ಮೇಲೆ ಒಂದು ತಗಡಿನ ಟ್ರಂಕ್ ಇದ್ದೇ ಇರುತ್ತೆ, ಅದ್ರೊಳಗೆ ಒಂದು ಆಲ್ಬಮ್, ಆಲ್ಬಮ್‌ನಲ್ಲಿ ಸಾಂತಾಕ್ರೂಜ್ ಏರ್‌ಪೋರ್ಟ್‌ನಲ್ಲಿ ತೆಗೆದ ಒಂದು ಕಪ್ಪು ಬಿಳುಪು ಫೋಟೋ. ಕೋಟು ಹಾಕ್ಕೊಂಡು ಕೊರಳಿಗೆ ಹಾರ ಹಾಕಿಸ್ಕೊಂಡು ನಿಂತಿರೋರು ಒಬ್ರು, ಸುತ್ತ ಬೀಳ್ಕೊಡೋಕೆ ಬಂದ ಹದಿನೈದು ಜನ, ಹಿಂದೆ ಅರ್ಧ ಕಾಣೋ ವಿಮಾನ. ಅದು ಯಾವ ವಿಮಾನ ಅಂತ ಕೇಳಿದ್ರೆ ಎಲ್ರೂ "ಬೋಯಿಂಗ್ ಇರ್ಬೇಕು" ಅಂತಾರೆ. ನಮ್ಮ ಮಾಟುಂಗಾ ಮಾವನೂ ಹಾಗೇ ಅಂದಿದ್ರು. ಅವ್ರು 1968ರಲ್ಲಿ ಲಂಡನ್‌ಗೆ ಓದೋಕೆ ಹೋದವ್ರು, ನಾನು ಅವ್ರ ಮಾತು ನಂಬಿ ಫೋಟೋ ಹಿಂದೆ ಬಾಲ್‌ಪೆನ್ನಲ್ಲಿ ಬೋಯಿಂಗ್ 707 ಅಂತ ಬರೆದೂಬಿಟ್ಟೆ. ಅದು ತಪ್ಪಾಗಿತ್ತು. ಮಾವ ಹೋಗಿದ್ದು ಬ್ರಿಟನ್‌ನ ಆಗಿನ ಸರ್ಕಾರಿ ವಿಮಾನ ಕಂಪನಿ ಬಿಓಎಸಿಯ ವಿಸಿ-10 ಅನ್ನೋ ಬ್ರಿಟಿಷ್ ಜೆಟ್‌ನಲ್ಲಿ, ಅದು ಗೊತ್ತಾಗೋಕೆ ಮತ್ತೊಂದು ವರ್ಷ ಬೇಕಾಯ್ತು, ಅದೂ ನಾನು ಬೇರೆ ಥರ ಕೇಳಿದ್ಮೇಲೆ. ಹೇಗೆ ಕೇಳ್ಬೇಕು ಅಂತ ಬರೆದಿಡೋಣ ಅನ್ನಿಸ್ತು, ಯಾಕಂದ್ರೆ ಆ ವಿಮಾನಗಳಲ್ಲಿ ದೊಡ್ಡವರಾಗಿ ಕೂತು ಹೋದವರಲ್ಲಿ ಬಹಳಷ್ಟು ಜನಕ್ಕೆ ಈಗ ಎಪ್ಪತ್ತೈದು ಎಂಬತ್ತು ದಾಟಿದೆ.

ಮೊದಲನೇದು, ವಿಮಾನದ ಹೆಸರು ಕೇಳ್ಲೇಬೇಡಿ. ಹೆಸರು ಕೇಳಿದ ತಕ್ಷಣ ಅವ್ರು ಆಮೇಲೆ ಎಲ್ಲೋ ಓದಿದ್ದು ಕೇಳಿದ್ದು ಹೇಳ್ತಾರೆ. ಹೆಸರು ಮರೆತುಹೋಗುತ್ತೆ ಆದ್ರೆ ಕಿವಿಗೆ ಬಿದ್ದಿದ್ದು, ಕಾಲು ಹತ್ತಿದ ಮೆಟ್ಲು, ಕಿಟಕಿ ಆಚೆ ಕಂಡಿದ್ದು ಮರೆಯಲ್ಲ, ಅದ್ರಲ್ಲೂ ಮೊದಲ ಸಲದ ಪ್ರಯಾಣ ಅಂದ್ರೆ ಹೇಳೋದೇ ಬೇಡ. ಹಾಗಾಗಿ ಎಲ್ಲಿ ಕೂತಿದ್ರಿ, ಕಿಟಕಿಯಿಂದ ರೆಕ್ಕೆ ಕಾಣ್ತಿತ್ತಾ, ರೆಕ್ಕೆ ಕೆಳಗೆ ಏನಾದ್ರೂ ನೇತಾಡ್ತಿತ್ತಾ, ಸದ್ದು ಮುಂದಿಂದ ಬರ್ತಿತ್ತಾ ಪಕ್ಕದಿಂದಾನಾ ಹಿಂದಿಂದಾನಾ, ಹತ್ತಿದ್ದು ಯಾವ ಕಡೆಯಿಂದ, ಏಳೋಕೆ ಮುಂಚೆ ಎಷ್ಟು ಹೊತ್ತು ಓಡ್ತು, ಇಂಥದ್ದು ಕೇಳಿ.

ಮಾವನ ಹತ್ರ ನಾನು ಸದ್ದಿನ ಬಗ್ಗೆ ಕೇಳಿದ್ದಕ್ಕೆ ಅವ್ರು ಹೇಳಿದ್ದು ಇಷ್ಟು: "ಮುಂದೆ ಕೂತವ್ರಿಗೆ ಎಂತ ಸದ್ದು ಮಾರಾಯ, ಹಿಂದೆಲ್ಲೋ ದೂರದಲ್ಲಿ ಗುಂಯ್ ಅಂತಿತ್ತು ಅಷ್ಟೆ. ರೆಕ್ಕೆ ನೋಡಿದ್ರೆ ಬೋಳು ಬೋಳು." ಆ ಬೋಳು ಅನ್ನೋ ಮಾತಲ್ಲೇ ಉತ್ತರ ಇತ್ತು. 707 ಆಗಿದ್ರೆ ರೆಕ್ಕೆ ಕೆಳಗೆ ಒಂದೊಂದು ಕಡೆ ಎರಡೆರಡು ಎಂಜಿನ್ ನೇತಾಡ್ಬೇಕಿತ್ತು. ವಿಸಿ-10ಗೆ ನಾಲ್ಕೂ ರೋಲ್ಸ್ ರಾಯ್ಸ್ ಕಾನ್ವೇ ಎಂಜಿನ್ ಬಾಲದ ಹತ್ರ, ಎಡಗಡೆ ಎರಡು ಬಲಗಡೆ ಎರಡು, ಬಾಲದ ತುದೀಲಿ ಟಿ ಥರ ಅಡ್ಡ ರೆಕ್ಕೆ. ಹೀಗೆ ಮಾಡಿದ್ದು ಚೆಂದಕ್ಕಲ್ಲ, ಬಿಓಎಸಿಗೆ ನೈರೋಬಿ, ಕಾನೋ, ಜೋಹಾನ್ಸ್‌ಬರ್ಗ್ ಥರದ ಬಿಸಿಲೂ ಎತ್ತರವೂ ಇರೋ ಊರುಗಳಿಂದ ಏಳೋ ವಿಮಾನ ಬೇಕಿತ್ತು, ಅಲ್ಲಿ ಗಾಳಿ ತೆಳು, ರನ್‌ವೇನೂ ಉದ್ದ ಇರ್ತಿರ್ಲಿಲ್ಲ. ಎಂಜಿನ್ ಹಿಂದಕ್ಕೆ ಹೋದ್ರೆ ರೆಕ್ಕೆಗೆ ಏನೂ ಅಡ್ಡ ಇರಲ್ಲ, ಸ್ಲ್ಯಾಟು ಫ್ಲ್ಯಾಪು ಅನ್ನೋ ಹೊರಗೆ ಚಾಚೋ ಅಂಚುಗಳನ್ನ ದೊಡ್ಡದಾಗಿ ಕೂರಿಸ್ಬಹುದು, ಅದ್ರಿಂದ ಬೇಗ ಮೇಲೇಳುತ್ತೆ. ಮುಂದೆ ಕೂತವರಿಗೆ ನಿಶ್ಶಬ್ದ ಸಿಕ್ಕಿದ್ದು ಅದೇ ಲೆಕ್ಕದಲ್ಲಿ. 1964ರ ಏಪ್ರಿಲ್‌ನಲ್ಲಿ ಸರ್ವಿಸ್ ಶುರುವಾಯ್ತು, ಸೂಪರ್ ವಿಸಿ-10 ಅನ್ನೋ ಉದ್ದದ್ದು 1965ರಲ್ಲಿ ಬಂತು, ಬ್ರಿಟಿಷ್ ಏರ್‌ವೇಸ್ 1981ರಲ್ಲಿ ನಿಲ್ಲಿಸ್ತು. ತೂಕ ಜಾಸ್ತಿ, ಇಂಧನ ಜಾಸ್ತಿ ಕುಡೀತಿತ್ತು, ಬೇರೆ ಕಂಪನಿಗಳು ಅಮೆರಿಕದ್ದೇ ತಗೊಂಡ್ರು, ಹಾಗಾಗಿ ಇಡೀ ಪ್ರಪಂಚಕ್ಕೆ ಕಟ್ಟಿದ್ದು ಬರೀ 54. ಅಷ್ಟು ಒಳ್ಳೇ ವಿಮಾನ ಅಷ್ಟೇ ಸಂಖ್ಯೇಲಿ ನಿಂತುಹೋಯ್ತಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ಇಲ್ಲಿ ದಾರಿ ತಪ್ಪಿಸೋವು ಮೂರಿವೆ. ಒಂದು ನಮ್ಮ ಏರ್ ಇಂಡಿಯಾದ ಮೊದಲ 707ಗಳು, 1960ರಲ್ಲಿ ಬಂದವು, ಅವಕ್ಕೂ ಇದೇ ಕಾನ್ವೇ ಎಂಜಿನ್ನೇ ಇತ್ತು, ಹಾಗಾಗಿ ಸದ್ದು ಹೇಗಿತ್ತು ಅನ್ನೋದಕ್ಕಿಂತ ಎಲ್ಲಿಂದ ಬರ್ತಿತ್ತು ಅನ್ನೋದು ಮುಖ್ಯ. ಎರಡನೇದು ರಷ್ಯಾದ ಇಲ್ಯೂಷಿನ್ 62, ಅದಕ್ಕೂ ಬಾಲದಲ್ಲಿ ನಾಲ್ಕು ಎಂಜಿನ್, ನೋಡೋಕೆ ಅಣ್ಣ ತಮ್ಮ ಥರ. ಮಾಸ್ಕೋ ಮೇಲೆ ಹೋದವ್ರಾದ್ರೆ ಅನುಮಾನ ಪಡಿ, ಫೋಟೋ ಇದ್ರೆ ನಿಂತಿರೋ ವಿಮಾನದ ಬಾಲದ ಕೆಳಗೆ ಊರುಗೋಲಿನ ಥರ ಪುಟ್ಟ ಚಕ್ರ ಇದ್ಯಾ ನೋಡಿ, ಇದ್ರೆ ಅದು ಇಲ್ಯೂಷಿನ್. ಮೂರನೇದು ಮನೆಯ ಅಜ್ಜಿಯರು ರೆಕ್ಕೆ ಇರೋದಕ್ಕೆಲ್ಲ ಜೆಟ್ ಅಂತಾರೆ. ಮಂಗಳೂರಿಗೆ ಹೋಗ್ತಿದ್ದ ಆವ್ರೋ ಬ್ರಿಟಿಷ್ ವಿನ್ಯಾಸವೇ ಹೌದು, ಕಾನ್ಪುರದಲ್ಲಿ ಎಚ್‌ಎಎಲ್ ಕಟ್ಟಿದ್ದು, ಆದ್ರೆ ಅದಕ್ಕೆ ಎದುರಿಗೆ ಫ್ಯಾನ್ ತಿರುಗ್ತಿತ್ತು. ಇಂಡಿಯನ್ ಏರ್‌ಲೈನ್ಸ್‌ನ ವೈಕೌಂಟ್‌ಗೂ ಫ್ಯಾನ್ ಇತ್ತು. ಹಾಗಾಗಿ ಮೊದ್ಲು ಫ್ಯಾನ್ ತಿರುಗ್ತಿತ್ತಾ ಅಂತ ಕೇಳ್ಕೊಂಡು ಮುಂದಕ್ಕೆ ಹೋಗಿ.

ರೆಕ್ಕೆ ಕೆಳಗೂ ಏನಿಲ್ಲ, ಬಾಲದಲ್ಲೂ ಏನಿಲ್ಲ ಅಂದ್ರೆ ಅದು ಕಾಮೆಟ್. ಪ್ರಪಂಚದ ಮೊದಲ ಪ್ಯಾಸೆಂಜರ್ ಜೆಟ್, ನಾಲ್ಕು ಎಂಜಿನ್ನೂ ರೆಕ್ಕೆ ಮೈಗೆ ಸೇರೋ ಬುಡದಲ್ಲೇ ಹುದುಗಿರುತ್ತೆ, ಎದುರಿಂದ ನೋಡಿದ್ರೆ ನಾಲ್ಕು ತೂತು ಕಾಣುತ್ತೆ ಅಷ್ಟೆ. 1952ರ ಮೇ 2ಕ್ಕೆ ಲಂಡನ್‌ನಿಂದ ಜೋಹಾನ್ಸ್‌ಬರ್ಗ್‌ಗೆ ಹೊರಟಿದ್ದು ಇದು, ಅದೇ ವರ್ಷ ಮುಂಬೈ ದಾರಿಯಾಗಿ ಕೊಲಂಬೋಗೂ ಹೋಗ್ತಿತ್ತು. ಆದ್ರೆ 1954ರಲ್ಲಿ ಎಲ್ಬಾ ಹತ್ರ ಒಂದು, ನೇಪಲ್ಸ್ ಹತ್ರ ಒಂದು, ಎರಡು ಕಾಮೆಟ್ ಆಕಾಶದಲ್ಲೇ ಒಡೆದುಹೋದ್ಮೇಲೆ ಎಲ್ಲಾ ನಿಲ್ಲಿಸಿ ಬ್ರಿಟನ್‌ನ ಫಾರ್ನ್‌ಬರೋದಲ್ಲಿ ಇಡೀ ವಿಮಾನವನ್ನ ನೀರಿನ ತೊಟ್ಟೀಲಿಟ್ಟು ಒತ್ತಡ ಕೊಟ್ಟು ಬಿಟ್ಟು ಮಾಡಿ ನೋಡಿದ್ರು, ತಗಡು ದಣಿದು ಕಿಟಕಿ ಮೂಲೇಲಿ ಬಿರುಕು ಬಿಡ್ತಿತ್ತು. ಈಗ ನಾವು ಹತ್ತೋ ಎಲ್ಲಾ ಜೆಟ್‌ಗಳನ್ನ ಕಟ್ಟೋ ರೀತೀಲೂ ಆ ತನಿಖೆಯ ಪಾಠ ಇದೆ. ಸುಧಾರಿಸಿದ ಕಾಮೆಟ್ 4 1958ಕ್ಕೆ ಬಂತು, ನಿಮ್ಮ ಮನೆಯವರು ಕೂತಿದ್ರೆ ಹೆಚ್ಚಾಗಿ ಇದ್ರಲ್ಲೇ.

ವಿದೇಶಕ್ಕೆ ಹೋಗದವರೂ ಕಾಮೆಟ್ ಹತ್ರ ಬಂದಿರ್ತಾರೆ, ಅದು ಹೇಗೆ ಅಂದ್ರೆ ಇಂಡಿಯನ್ ಏರ್‌ಲೈನ್ಸ್ 1964ರಿಂದ ಹಾರಿಸಿದ ಕ್ಯಾರಾವೆಲ್ ಫ್ರೆಂಚ್ ವಿಮಾನ ಆದ್ರೂ ಅದ್ರ ಮೂಗು, ಕಾಕ್‌ಪಿಟ್ಟು ಕಾಮೆಟ್‌ನಿಂದ ತಗೊಂಡಿದ್ದು, ಎಂಜಿನ್ನೂ ರೋಲ್ಸ್ ರಾಯ್ಸ್ ಏವನ್. ಮುಂಬೈ ದೆಹಲಿ ಓಡಾಡ್ತಿದ್ದ ಹಳೇ ಬ್ಯಾಂಕ್‌ನವ್ರು, ಮಿಲ್ ಆಫೀಸರ್‌ಗಳಿಗೆ "ಕಿಟಕಿ ಮೂರು ಮೂಲೆ ಇತ್ತಾ, ಬಾಲದ ಕೆಳಗಿನ ಮೆಟ್ಲು ಹತ್ತಿದ್ರಾ" ಅಂತ ಕೇಳಿ, ಹೌದು ಅಂದ್ರೆ ಕ್ಯಾರಾವೆಲ್. ಬಾಲದಲ್ಲಿ ಮೆಟ್ಲು ಇತ್ತು ಆದ್ರೆ ಕಿಟಕಿ ಮಾಮೂಲಿನದ್ದು, ಎಂಜಿನ್ ಎರಡು, ಯೂರೋಪ್ ಒಳಗೆ ಓಡಾಡಿದ್ದು ಅಂದ್ರೆ ಬಿಎಸಿ ಒನ್-ಇಲೆವೆನ್ ಇರ್ಬಹುದು. ಮೂರು ಎಂಜಿನ್ ಬಾಲದಲ್ಲಿದ್ರೆ ಬ್ರಿಟಿಷರ ಟ್ರೈಡೆಂಟ್ ಅಥ್ವಾ ಬೋಯಿಂಗ್ 727, ವ್ಯತ್ಯಾಸ ಮುಂದಿನ ಚಕ್ರದಲ್ಲಿದೆ, ಟ್ರೈಡೆಂಟ್‌ದು ನಡುವಿಗಿಲ್ಲದೆ ಒಂದು ಪಕ್ಕಕ್ಕೆ ಸರಿದಿರುತ್ತೆ. ಕುವೈತ್ ಏರ್‌ವೇಸ್, ಇರಾಕಿ ಏರ್‌ವೇಸ್ ಎರಡೂ ಟ್ರೈಡೆಂಟ್ ಇಟ್ಕೊಂಡಿದ್ವು, ಗಲ್ಫ್‌ಗೆ ಬೇಗ ಹೋದ ನಮ್ಮ ಕರಾವಳಿಯವರನ್ನ ಕೇಳಿ ನೋಡಿ.

ಇನ್ನು ಫೋಟೋ. ಭೂತಗನ್ನಡಿ ಹಿಡಿದು ಬಾಲದ ಹತ್ರ ಬರೆದಿರೋ ಅಕ್ಷರ ಹುಡುಕಿ. ವಿಟಿ ಅಂತ ಶುರುವಾದ್ರೆ ಭಾರತದ್ದು, ಜಿ ಅಂತ ಶುರುವಾದ್ರೆ ಬ್ರಿಟನ್‌ದು. ಬಿಓಎಸಿಯ ಕಾಮೆಟ್ 4ಗಳಿಗೆ ಜಿ-ಎಪಿಡಿ, ಚಿಕ್ಕ ವಿಸಿ-10ಗಳಿಗೆ ಜಿ-ಎಆರ್‌ವಿ, ಸೂಪರ್ ವಿಸಿ-10ಗಳಿಗೆ ಜಿ-ಎಎಸ್‌ಜಿ, ಕೊನೇಲಿ ಇನ್ನೊಂದು ಅಕ್ಷರ. ನಾಲ್ಕರಲ್ಲಿ ಎರಡು ಅಕ್ಷರ ಸಿಕ್ಕಿದ್ರೂ ಸಾಕು. ಬ್ಯಾಗ್ ಮೇಲೆ ಬಿಓಎಸಿ ಅಂತಿದ್ರೆ 1974ರ ಏಪ್ರಿಲ್‌ಗೆ ಮುಂಚಿನದ್ದು, ಆಮೇಲೆ ಅದು ಬ್ರಿಟಿಷ್ ಏರ್‌ವೇಸ್‌ನಲ್ಲಿ ಸೇರ್ತು. ಪಾಸ್‌ಪೋರ್ಟ್ ಸೀಲ್‌ನ ತಾರೀಕು ಜೊತೆಗೆ ಇಟ್ಕೊಳ್ಳಿ. ಮುಂಬೈನ ಅಂತರರಾಷ್ಟ್ರೀಯ ವಿಮಾನಗಳ ಸಹಾರ್ ಟರ್ಮಿನಲ್ ಶುರುವಾಗಿದ್ದು 1981ರಲ್ಲಿ, ಅಂದ್ರೆ ವಿಸಿ-10ರ ಕಾಲದಲ್ಲಿ ಲಂಡನ್‌ಗೆ ಹೋದವ್ರನ್ನ ಬಿಡೋಕೆ ಎಲ್ರೂ ಹೋಗ್ತಿದ್ದಿದ್ದು ಸಾಂತಾಕ್ರೂಜ್‌ಗೇ. ಚಿಕ್ಕಂದಿನಲ್ಲಿ ಹೋದವರನ್ನ ಇನ್ನೊಂದು ಕೇಳಿ, ಬಿಓಎಸಿ ಮಕ್ಕಳಿಗೆ ಜೂನಿಯರ್ ಜೆಟ್ ಕ್ಲಬ್ ಅಂತ ಮಾಡಿ ಒಂದು ಲಾಗ್ ಬುಕ್ ಕೊಡ್ತಿತ್ತು, ಎಷ್ಟು ಮೈಲಿ ಹಾರಿದ್ರು ಅಂತ ಬರೆದು ಕ್ಯಾಪ್ಟನ್ ಸೈನ್ ಹಾಕ್ತಿದ್ರು. ಅದು ಸಿಕ್ಕಿಬಿಟ್ರೆ ಬೇರೆ ಏನೂ ಹುಡುಕೋದು ಬೇಡ.

ಫೋಟೋ ಆಲ್ಬಮ್‌ಗೆ ಅಂಟ್ಕೊಂಡಿದ್ರೆ ಕೀಳ್ಬೇಡಿ, ಹಾಳೆ ಸಮೇತ ಕಿಟಕಿ ಹತ್ರ ನೆರಳಲ್ಲಿಟ್ಟು ಫ್ಲ್ಯಾಶ್ ಇಲ್ದೆ ಫೋನಲ್ಲಿ ತೆಗೀರಿ, ಬಿಡಿ ಫೋಟೋ ಆದ್ರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಹಿಂಬದಿನೂ ಮಾಡಿ. ಹಿಂದೆ ಬರೆಯೋದಾದ್ರೆ ಮೆತ್ತನೆ ಪೆನ್ಸಿಲ್, ನಾನು ಬಾಲ್‌ಪೆನ್ನಲ್ಲಿ ಬರೆದಿದ್ದು ಎದುರುಗಡೆ ಗೆರೆ ಗೆರೆಯಾಗಿ ಎದ್ದಿದೆ. ಮುಂಬೈ ಮಳೇಲಿ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಟ್ರಂಕ್ ತೆಗೆದ್ರೆ ಒದ್ದೆ ಗಾಳಿ ಹೊಕ್ಕು ಬೂಸ್ಟು ಹಿಡಿಯುತ್ತೆ, ಡಿಸೆಂಬರ್ ಜನವರಿ ಒಳ್ಳೇದು.

ರೆಕಾರ್ಡಿಂಗ್‌ಗೆ ದೊಡ್ಡ ಸಾಮಾನು ಬೇಡ. ಬೆಳಗ್ಗೆ ಕಾಫಿ ತಿಂಡಿ ಆದ್ಮೇಲೆ ಹೋಗಿ, ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ ಮಡಿಸಿದ ಟವೆಲ್ ಮೇಲೆ ಅವ್ರ ಹತ್ರ ಇಡಿ. ರೆಕಾರ್ಡ್ ಮಾಡ್ತಿದೀನಿ ಅಂತ ಮೊದ್ಲೇ ಹೇಳಿ. ಮನೇಲಿ ಮಾತಾಡೋ ಭಾಷೇಲೇ ಮಾತಾಡ್ಸಿ, ಕುಂದಾಪ್ರ ಕನ್ನಡವೋ ತುಳುವೋ, ಯಾವ್ದಾದ್ರೂ ಸರಿ. ಅವ್ರು ಸುಮ್ನಾದಾಗ ನೀವು ಬಾಯಿ ಹಾಕ್ಬೇಡಿ, ಹತ್ತು ಸೆಕೆಂಡ್ ಬಿಟ್ರೆ ಅವ್ರೇ ಮುಂದುವರಿಸ್ತಾರೆ, ಒಳ್ಳೇದೆಲ್ಲ ಬರೋದು ಆ ಹತ್ತು ಸೆಕೆಂಡ್ ಆದ್ಮೇಲೇನೇ. ನಲವತ್ತು ನಿಮಿಷಕ್ಕಿಂತ ಜಾಸ್ತಿ ಕೂರಿಸ್ಬೇಡಿ. ಮನೆಗೆ ಬಂದು ಅವತ್ತೇ ಎರಡು ಕಡೆ ಕಾಪಿ ಮಾಡಿ.

ಯೂಟ್ಯೂಬ್‌ನಲ್ಲಿ ಈ ವಿಮಾನಗಳು ಏಳೋ ಸದ್ದು ಸಿಗುತ್ತೆ, ಆದ್ರೆ ಅದನ್ನ ಪ್ರಶ್ನೆಗಳೆಲ್ಲ ಮುಗಿದ್ಮೇಲೆ ಕೇಳಿಸಿ, ಮುಂಚೆ ಕೇಳಿಸಿದ್ರೆ ಅವ್ರ ನೆನಪೂ ವಿಡಿಯೋನೂ ಕಲಸಿಹೋಗುತ್ತೆ. ಬ್ರಿಟನ್ ವಾಯುಸೇನೆ 2013ರವರೆಗೂ ವಿಸಿ-10 ಇಟ್ಕೊಂಡಿತ್ತು, ಹಾಗಾಗಿ ಚೆನ್ನಾಗಿರೋ ರೆಕಾರ್ಡಿಂಗ್ ಬೇಕಾದಷ್ಟಿವೆ. ಮಾವನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಕೊಂಡು ಕೂತ್ರು, ಮುಗಿದ್ಮೇಲೆ ಇನ್ನೊಂದ್ಸಲ ಹಾಕು ಅಂದ್ರು, ಆಮೇಲೆ ಅವ್ರಪ್ಪ ಗೇಟಿನ ಹತ್ರ ನಿಂತು ಪಂಚೆ ತುದೀಲಿ ಕಣ್ಣೊರೆಸ್ಕೊಂಡಿದ್ದು ಹೇಳಿದ್ರು. ಅಲ್ಲಿವರೆಗೆ ಆ ಮಾತು ಮನೇಲಿ ಯಾರಿಗೂ ಹೇಳಿರ್ಲಿಲ್ಲ.

ಒಂದು ವಿಷ್ಯದಲ್ಲಿ ಹುಷಾರಾಗಿರಿ. ಮುಂಬೈಗೂ ಈ ವಿಮಾನಗಳಿಗೂ ಕೆಟ್ಟ ದಿನಗಳ ನಂಟೂ ಇದೆ. 1963ರ ಜುಲೈನಲ್ಲಿ ಯುನೈಟೆಡ್ ಅರಬ್ ಏರ್‌ಲೈನ್ಸ್‌ನ ಕಾಮೆಟ್ ಇಲ್ಲಿ ಇಳಿಯೋಕೆ ಬರ್ತಾ ಮಡ್ ಐಲ್ಯಾಂಡ್ ಹತ್ರ ಸಮುದ್ರಕ್ಕೆ ಬಿತ್ತು, 63 ಜನ, ಯಾರೂ ಉಳೀಲಿಲ್ಲ, ಜಾಂಬೂರಿ ಅನ್ನೋ ಸ್ಕೌಟ್ ಮೇಳಕ್ಕೆ ಹೊರಟಿದ್ದ ಫಿಲಿಪೈನ್ಸ್‌ನ ಸ್ಕೌಟ್ ಹುಡುಗ್ರು ಅದ್ರಲ್ಲಿದ್ರು. 1970ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಹೊರಟ ಬಿಓಎಸಿ ವಿಸಿ-10ನ ಬಹ್ರೇನ್ ಬಿಟ್ಮೇಲೆ ಅಪಹರಿಸಿ ಜೋರ್ಡಾನ್ ಮರಳುಗಾಡಲ್ಲಿ ಇಳಿಸಿದ್ರು, ಪ್ರಯಾಣಿಕರನ್ನ ಇಳಿಸಿ ವಿಮಾನ ಸ್ಫೋಟಿಸಿದ್ರು. ಆ ವರ್ಷಗಳಲ್ಲಿ ಹಾರಿದವರಿಗೆ ಗೊತ್ತಿದ್ದವ್ರು ಯಾರೋ ಇರ್ಬಹುದು. ಅವ್ರೇ ಎತ್ತಿದ್ರೆ ಕೇಳಿಸ್ಕೊಳ್ಳಿ, ನೀವಾಗಿ ಕೆದಕ್ಬೇಡಿ.

ಕಣ್ಣಾರೆ ನೋಡ್ಬೇಕು ಅಂದ್ರೆ ಹತ್ರದಲ್ಲಿರೋದು ಗೋವಾ ದಾಬೋಲಿಮ್‌ನ ನೌಕಾಪಡೆಯ ವಿಮಾನ ಮ್ಯೂಸಿಯಂ. ಪ್ಯಾಸೆಂಜರ್ ಜೆಟ್ ಅಲ್ಲಿಲ್ಲ, ಆದ್ರೆ ಕಾಮೆಟ್ ಮಾಡಿದ ಡಿ ಹ್ಯಾವಿಲ್ಯಾಂಡ್‌ನವರದ್ದೇ ವ್ಯಾಂಪೈರ್ ಇದೆ, ಅದ್ರ ಗಾಬ್ಲಿನ್ ಎಂಜಿನ್ನೇ ಬೆಳೆದು ಮೊದಲ ಕಾಮೆಟ್‌ನ ಘೋಸ್ಟ್ ಎಂಜಿನ್ ಆಗಿದ್ದು. ಜೆಟ್‌ಗೆ ಮುಂಚಿನ ಕಾಲದ ಏರ್ ಇಂಡಿಯಾ ಸೂಪರ್ ಕಾನ್‌ಸ್ಟೆಲೇಷನ್ ಕೂಡ ನಿಂತಿದೆ. ಮಗಳೋ ಅಳಿಯನೋ ಲಂಡನ್‌ನಲ್ಲಿದ್ದು ಹಿರಿಯರು ಅಲ್ಲಿಗೆ ಹೋಗೋದಿದ್ರೆ ಒಂದಿನ ಡಕ್ಸ್‌ಫರ್ಡ್‌ನ ವಿಮಾನ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಕಾಮೆಟ್, ಟ್ರೈಡೆಂಟ್, ಸೂಪರ್ ವಿಸಿ-10 ಮೂರೂ ಒಂದೇ ಕಡೆ ಸಿಗುತ್ತೆ. ಅಲ್ಲಿನ ಇನ್ನೊಂದು ಮ್ಯೂಸಿಯಂ ಬ್ರೂಕ್‌ಲ್ಯಾಂಡ್ಸ್ ಅಂತೂ ವಿಸಿ-10 ಹುಟ್ಟಿದ ಜಾಗವೇ.

ಕೊನೇದಾಗಿ ಹೆಂಗಸರನ್ನ ಬಿಡ್ಬೇಡಿ. ಹಾರ ಹಾಕ್ಕೊಂಡು ನಿಂತಿದ್ದು ಮಾವ ಅಂತ ನಾನೂ ಬರೀ ಮಾವನನ್ನೇ ಕೇಳ್ತಾ ಕೂತಿದ್ದೆ, ಒಳಗಿಂದ ಅತ್ತೆ ಬಂದು "ನಾನೂ ಹೋಗಿದ್ದೆ ಅಲ್ದಾ, ಒಬ್ಳೇ" ಅಂದ್ರು. 1971, ಮದುವೆಯಾಗಿ ಮೂರು ತಿಂಗಳು, ಇಂಗ್ಲಿಷ್ ಅಷ್ಟಾಗಿ ಬರಲ್ಲ, ಮಿಡಿ ಉಪ್ಪಿನಕಾಯಿ ಭರಣಿಗೆ ಬಟ್ಟೆ ಸುತ್ತಿ ತೊಡೆ ಮೇಲೆ ಇಟ್ಕೊಂಡು ಪೂರ್ತಿ ಹಿಂದಿನ ಸಾಲಲ್ಲಿ ಕೂತಿದ್ರಂತೆ. ಸದ್ದು ಎಲ್ಲಿಂದ ಬರ್ತಿತ್ತು ಅತ್ತೆ ಅಂದೆ. "ಬೆನ್ನಿಗೇ ಬರ್ತಿತ್ತು, ಯಾರೋ ಹಿಂದೆ ಕೂತು ಹೊಸ ಸೀರೆ ಹರಿದ ಹಾಗೆ, ಭರಣಿ ಅದುರ್ತಿತ್ತು ಕೈಯಲ್ಲಿ." ಮಾವನ ರೆಕಾರ್ಡಿಂಗ್ ಮೂವತ್ತೊಂದು ನಿಮಿಷ ಇದೆ, ಅತ್ತೆಯದ್ದು ಐವತ್ತೆರಡು, ಬೆರೂತ್‌ನಲ್ಲಿ ಇಳಿದಾಗ ಏನಾಯ್ತು ಅನ್ನೋದು ಇನ್ನೂ ಬಾಕಿ, ಬರೋ ಭಾನುವಾರ ಮತ್ತೆ ಹೋಗ್ತಿದೀನಿ.