ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್: ಸರದಿಯ ಲೆಕ್ಕ ಹಿಡಿದು ರಿಯೋವೇನ್ಸ್ ಕೋಟೆ ದಾಟುವ ಬಗೆ

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಎಂಬ ವಿಡಿಯೊ ಆಟದಲ್ಲಿ ಮೂರನೇ ಅಧ್ಯಾಯದ ಕೊನೆಗೆ ರಿಯೋವೇನ್ಸ್ ಕೋಟೆ ಬರುತ್ತದೆ. ಬಾಗಿಲ ಬಳಿ ಒಂದು ಕಾಳಗ, ಒಳಗೆ ಇನ್ನೊಂದು, ಚಾವಣಿಯ ಮೇಲೆ ಮತ್ತೊಂದು. ಒಳಗಿನ ಕಾಳಗದಲ್ಲಿ ಶತ್ರು ವೀಗ್ರಾಫ್‌ನ ಮುಂದೆ ಕಥಾನಾಯಕ ರಾಮ್ಜಾ ಒಬ್ಬನೇ ನಿಲ್ಲಬೇಕು. ನೀವು ಸಾಕಿ ಬೆಳೆಸಿದ ಪಡೆ ಆಗ ಜೊತೆಗಿರುವುದಿಲ್ಲ. ಅದುವರೆಗೆ ಸಲೀಸಾಗಿ ಆಡಿಕೊಂಡು ಬಂದವರಿಗೂ ಆಟವನ್ನು ಕೈಬಿಡುವ ಮನಸ್ಸಾಗುವುದು ಇಲ್ಲೇ. ಲೆವೆಲ್ ಕಮ್ಮಿಯಾಯಿತು ಅಂದುಕೊಳ್ಳುತ್ತಾರೆ. ಬಹುಪಾಲು ಸಲ ಕೊರತೆ ಲೆವೆಲ್ಲಿನದಲ್ಲ, ಗಡಿಯಾರದ್ದು.

1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಈ ಆಟ 2007ರಲ್ಲಿ ಪಿಎಸ್‌ಪಿಯಲ್ಲಿ ‘ದ ವಾರ್ ಆಫ್ ದ ಲಯನ್ಸ್’ ಆಗಿ, 2025ರಲ್ಲಿ ‘ದ ಇವಾಲೀಸ್ ಕ್ರಾನಿಕಲ್ಸ್’ ಆಗಿ ಮರಳಿತು. ಕೆಳಗಿನ ಅಂಕೆಗಳು ಮೂಲ ಆಟದವು, ಹೆಸರುಗಳು ಪಿಎಸ್‌ಪಿ ಆವೃತ್ತಿಯವು. ವಿದ್ಯೆ ಕೊಳ್ಳಲು ತೆರುವ ಜೆಪಿ (ಜಾಬ್ ಪಾಯಿಂಟ್) ಬೆಲೆಯಂಥವು ಆವೃತ್ತಿಯಿಂದ ಆವೃತ್ತಿಗೆ ಅಷ್ಟಿಷ್ಟು ಬೇರೆ ಇರುತ್ತವೆ. ಸರದಿಯ ಲೆಕ್ಕ ಗೊತ್ತಾದರೆ ಅದರಿಂದ ತೊಂದರೆಯಿಲ್ಲ.

ಗಡಿಯಾರ ನಡೆಯುವುದು ಹೀಗೆ

ಚದುರಂಗದ ಹಾಗೆ ನೀನೊಮ್ಮೆ ನಾನೊಮ್ಮೆ ಎಂಬ ಸರದಿ ಇಲ್ಲಿಲ್ಲ. ಒಳಗೊಂದು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ. ಒಂದೊಂದು ಟಿಕ್‌ಗೂ ಪ್ರತಿಯೊಬ್ಬರ ಸಿಟಿ (ಚಾರ್ಜ್ ಟೈಮ್ ಎಂಬ ಎಣಿಕೆ) ಅವರವರ ಸ್ಪೀಡ್‌ನಷ್ಟು ಏರುತ್ತದೆ. 100 ಮುಟ್ಟಿದವರಿಗೆ ಸರದಿ. ಸ್ಪೀಡ್ 8 ಇದ್ದವನಿಗೆ 13 ಟಿಕ್ ಬೇಕು, 10 ಇದ್ದವನಿಗೆ 10 ಸಾಕು.

ಸರದಿ ಮುಗಿದಾಗ ಸಿಟಿ ಎಷ್ಟು ಇಳಿಯುತ್ತದೆ ಎಂಬುದು ನೀವು ಏನು ಮಾಡಿದಿರಿ ಎಂಬುದರ ಮೇಲಿದೆ. ನಡೆದು ಹೊಡೆದರೆ 100 ಹೋಗುತ್ತದೆ. ಎರಡರಲ್ಲಿ ಒಂದನ್ನಷ್ಟೇ ಮಾಡಿದರೆ 80. ಏನೂ ಮಾಡದೆ ವೇಟ್ ಕೊಟ್ಟರೆ 60. ಸ್ಪೀಡ್ 8ರವನನ್ನೇ ತೆಗೆದುಕೊಳ್ಳಿ: ಅವನ ಸರದಿ ಬಂದಾಗ ಸಿಟಿ 104 ಇರುತ್ತದೆ. ಎರಡನ್ನೂ ಮಾಡಿದರೆ ಮುಂದಿನ ಸರದಿಗೆ 12 ಟಿಕ್ ಕಾಯಬೇಕು, ಒಂದನ್ನೇ ಮಾಡಿದರೆ 10, ಸುಮ್ಮನಿದ್ದರೆ 7.

ಮೊದಲ ಸರದಿಯಲ್ಲೇ ಎಲ್ಲರನ್ನೂ ಮುಂದಕ್ಕೆ ಓಡಿಸುವುದು ಏಕೆ ದಡ್ಡತನ ಎಂಬುದಕ್ಕೆ ಉತ್ತರ ಈ ಮೂರು ಅಂಕೆಗಳಲ್ಲಿದೆ. ಹೊಡೆಯಲು ಯಾರೂ ಸಿಗದ ಜಾಗಕ್ಕೆ ಓಡಿದವನು ಶತ್ರುವಿನ ಬಾಯಿಗೆ ತಾನೇ ಹೋಗಿ ಬಿದ್ದಂತೆ. ವೇಟ್ ಕೊಟ್ಟು ನಿಂತವನಿಗೆ ಶತ್ರು ತಾನಾಗಿ ಹತ್ತಿರ ಬರುತ್ತಾನೆ, ಸರದಿಯೂ ಬೇಗ ಸಿಗುತ್ತದೆ. ಒಂದನೇ ಅಧ್ಯಾಯದ ಡಾರ್ಟರ್ ಊರಿನ ಕಾಳಗದಲ್ಲಿ ಮನೆಯ ಮೇಲೆ ನಿಂತ ಬಿಲ್ಲುಗಾರನಿಂದಲೂ ಹಿಂದೆ ನಿಂತು ದಾಳಿಯ ಮಂತ್ರ ಹಾಕುವ ಬ್ಲ್ಯಾಕ್ ಮೇಜ್‌ಗಳಿಂದಲೂ ಏಟು ತಿಂದು ಸೋಲುವವರು ಮಾಡುವ ತಪ್ಪು ಇದೇ. ಅಲ್ಲಿ ಎಲ್ಲರನ್ನೂ ಒಟ್ಟೊಟ್ಟಿಗೆ ನಿಲ್ಲಿಸಬೇಡಿ, ಬ್ಲ್ಯಾಕ್ ಮೇಜ್‌ಗಳು ಮುಂದೆ ಬರುವ ತನಕ ಕಾಯಿರಿ.

ಮಂತ್ರಕ್ಕೂ ಸ್ಪೀಡ್ ಇದೆ

ಮಂತ್ರ ಹೇಳಿದ ಕೂಡಲೇ ಸಿಡಿಯುವುದಿಲ್ಲ. ಅದಕ್ಕೂ ತನ್ನದೇ ಸ್ಪೀಡ್ ಇದೆ, ಅದೂ 100 ಮುಟ್ಟಬೇಕು. ಬೆಂಕಿಯ ಮಂತ್ರ ಫೈರ್‌ಗೆ 25, ಅಂದರೆ 4 ಟಿಕ್. ಫೈರಾಗೆ 20, ಅಂದರೆ 5. ಫೈರಾಗಾಗೆ 15, ಅಂದರೆ 7 ಟಿಕ್. ಇನ್ನು 5 ಟಿಕ್‌ಗೆ ಸರದಿ ಬರುವ ಶತ್ರುವಿನ ಚೌಕಕ್ಕೆ ಫೈರಾಗಾ ಗುರಿಯಿಟ್ಟರೆ ಅದು ಸಿಡಿಯುವ ಹೊತ್ತಿಗೆ ಅಲ್ಲಿ ಬರಿ ನೆಲ ಇರುತ್ತದೆ. ಚೌಕದ ಬದಲು ಆಳಿಗೇ ಗುರಿಯಿಟ್ಟರೆ ಮಂತ್ರ ಅವನ ಬೆನ್ನು ಹತ್ತುತ್ತದೆ ನಿಜ. ಆದರೆ ಅವನು ಅಷ್ಟರಲ್ಲಿ ನಿಮ್ಮವರನ್ನು ಗುಣಪಡಿಸುವ ವೈಟ್ ಮೇಜ್ ಪಕ್ಕ ಬಂದು ನಿಂತಿದ್ದರೆ ಇಬ್ಬರೂ ಬೇಯುತ್ತಾರೆ. ಮಂತ್ರ ಆರಿಸುವಾಗ ಸರದಿ ಪಟ್ಟಿ ತೆರೆದು, ಅದು ಯಾರ ಮುಂದೆ, ಯಾರ ಹಿಂದೆ ಬೀಳುತ್ತದೆ ಎಂದು ನೋಡಿಯೇ ಒಪ್ಪಿಗೆ ಒತ್ತಿ. ನಡುವೆ ಮಂತ್ರವಾದಿಯ ಸರದಿ ಬಂದರೆ ಅವನಿಂದ ಬೇರೆ ಕೆಲಸ ಮಾಡಿಸಬೇಡಿ, ಹೇಳುತ್ತಿದ್ದ ಮಂತ್ರ ಮುರಿದುಹೋಗುತ್ತದೆ.

ಸಮನರ್ ಎಂಬ ಮಂತ್ರವಾದಿ ಕರೆಯುವ ದೇವತೆಗಳು ನಿಧಾನ, ಆದರೆ ಅವರ ಹೊಡೆತ ಶತ್ರುವಿಗೆ ಮಾತ್ರ ತಗಲುತ್ತದೆ, ನಿಮ್ಮವರು ಪಕ್ಕದಲ್ಲಿದ್ದರೂ ಚಿಂತೆಯಿಲ್ಲ. ಬಿಲ್ಲುಗಾರ ಆರ್ಚರ್‌ನ ಏಮ್ (ಕಾದು ಬಲವಾಗಿ ಹೊಡೆಯುವ ವಿದ್ಯೆ) ಮಾತ್ರ ಹೆಸರಿಗೆ ತಕ್ಕ ಕೆಲಸ ಮಾಡುವುದಿಲ್ಲ. ಏಮ್ +20ಕ್ಕೆ 35 ಟಿಕ್ ಬೇಕು. ಸ್ಪೀಡ್ 8ರ ಶತ್ರು ಅಷ್ಟರಲ್ಲಿ ಎರಡು ಸಲ ಓಡಾಡಿ ಮೂರನೆಯದಕ್ಕೆ ಸಿದ್ಧನಾಗಿರುತ್ತಾನೆ. ಅದಕ್ಕೆ ಜೆಪಿ ಸುರಿಯುವುದು ದಂಡ.

ಇದೇ ಲೆಕ್ಕದಲ್ಲಿ ನೋಡಿದರೆ ನಿಮ್ಮ ಪಡೆಯ ನೈಟ್ ಅಗ್ರಿಯಾಸ್‌ಳ ಖಡ್ಗವಿದ್ಯೆ ಏಕೆ ಅಷ್ಟು ಬೆಲೆಬಾಳುತ್ತದೆ ಎಂದು ತಿಳಿಯುತ್ತದೆ. ದೂರದಿಂದ ಹೊಡೆಯುತ್ತದೆ, ಗುರಿ ತಪ್ಪುವುದಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಟಿಕ್ಕೂ ಕಾಯಿಸುವುದಿಲ್ಲ. ಬಂದೂಕುಗಾರ ಮುಸ್ತಾಡಿಯೋ ಕಾಲಿಗೋ ಕೈಗೋ ಗುಂಡು ಹೊಡೆದು ಶತ್ರುವನ್ನು ಕಟ್ಟಿಹಾಕುವುದೂ ತಕ್ಷಣವೇ. ನಾಲ್ಕನೇ ಅಧ್ಯಾಯದಲ್ಲಿ ಬರುವ ಖಡ್ಗವೀರ ಓರ್ಲಾಂಡೋ ಇಡೀ ಆಟವನ್ನೇ ಸಪ್ಪೆ ಮಾಡಿಬಿಡುತ್ತಾನೆ ಎಂಬ ದೂರಿದೆ, ನಿಜವೇ. ಅವನಲ್ಲಿ ಖಡ್ಗವಿದ್ಯೆ ಅಷ್ಟೂ ಇದೆ, ಕೈಯಲ್ಲಿ ಎಕ್ಸ್‌ಕ್ಯಾಲಿಬರ್ ಖಡ್ಗ ಇದೆ, ಅದನ್ನು ಹಿಡಿದಿರುವಷ್ಟು ಹೊತ್ತೂ ಹೇಸ್ಟ್ ಇದೆ. ಹೇಸ್ಟ್ ಎಂದರೆ ಸಿಟಿ ಒಂದೂವರೆ ಪಟ್ಟು ವೇಗವಾಗಿ ಏರುವುದು.

ಬಿದ್ದವರ ತಲೆಯ ಮೇಲೆ 3 ಎಂಬ ಅಂಕೆ ಕಾಣುತ್ತದಲ್ಲ, ಅದೂ ಗಡಿಯಾರವೇ. ಬಿದ್ದವನ ಸರದಿ ಬಂದಾಗಲೆಲ್ಲ ಅದು ಒಂದೊಂದೇ ಇಳಿಯುತ್ತದೆ. ಎಣಿಕೆ ಮುಗಿದರೆ ಅವನು ಹರಳಾಗಿಯೋ ಪೆಟ್ಟಿಗೆಯಾಗಿಯೋ ಮಾರ್ಪಟ್ಟು ಶಾಶ್ವತವಾಗಿ ಹೋಗುತ್ತಾನೆ. ಹಾಗಾಗಿ ಸ್ಪೀಡ್ ಹೆಚ್ಚಿದ್ದವನು ಸತ್ತರೆ ನಿಮಗೆ ಸಿಗುವ ಸಮಯ ಕಮ್ಮಿ. ಬಿದ್ದವರನ್ನು ಎಬ್ಬಿಸುವ ರೇಸ್ ಮಂತ್ರ ಕಾಯಿಸುತ್ತದೆ, ತಪ್ಪಲೂಬಹುದು. ಅದೇ ಕೆಲಸ ಮಾಡುವ ವಸ್ತು ಫೀನಿಕ್ಸ್ ಡೌನ್ ಕಾಯಿಸುವುದಿಲ್ಲ. ಔಷಧಿ ಬಳಸುವ ಕೆಮಿಸ್ಟ್ ಅದನ್ನು 4 ಚೌಕದಾಚೆಗೂ ಎಸೆಯಬಲ್ಲ. ಪಡೆಯಲ್ಲಿ ಕೆಮಿಸ್ಟ್ ಒಬ್ಬ ಕೊನೆಯವರೆಗೂ ಇರಲಿ.

ರಾಮ್ಜಾನನ್ನು ಸಿದ್ಧ ಮಾಡುವುದು

ಮೊದಲ ಖರ್ಚು ಜೆಪಿ ಬೂಸ್ಟ್ ಎಂಬ ವಿದ್ಯೆಗೆ. ಗಳಿಕೆ ಒಂದೂವರೆ ಪಟ್ಟು ಆಗುತ್ತದೆ, ಬೇಗ ಕೊಂಡಷ್ಟೂ ಲಾಭ. ಒಬ್ಬ ಗಳಿಸಿದ ಜೆಪಿಯ ಕಾಲು ಭಾಗ ಕಣದಲ್ಲಿರುವ ಉಳಿದವರಿಗೂ ಅದೇ ಜಾಬ್‌ನ (ಕಸುಬಿನ) ಲೆಕ್ಕಕ್ಕೆ ಸೇರುತ್ತದೆ. ಇಬ್ಬರನ್ನು ಕೆಮಿಸ್ಟ್ ಮಾಡಿ ಆಡಿಸಿದರೆ ರಾಮ್ಜಾ ಆ ಜಾಬ್ ಮುಟ್ಟದೆಯೇ ಅದರ ವಿದ್ಯೆ ಕೊಳ್ಳುವಷ್ಟು ಗಳಿಸುತ್ತಾನೆ. ಹಾಗೆ ಬಂದದ್ದರಿಂದ ಕೆಮಿಸ್ಟ್‌ನ ಆಟೋ-ಪೋಷನ್ ಕೊಳ್ಳಿ. ಅದಕ್ಕೆ 400 ಜೆಪಿ.

ಆಟೋ-ಪೋಷನ್‌ನಲ್ಲಿ ಒಂದು ಚಿಕ್ಕ ಕಿತಾಪತಿ ಇದೆ. ಏಟು ಬಿದ್ದಾಗ ಅದು ಚೀಲದಲ್ಲಿರುವ ಅತಿ ಅಗ್ಗದ ಔಷಧಿಯನ್ನೇ ಮೊದಲು ಕುಡಿಸುತ್ತದೆ. ಪೋಷನ್ ಇದ್ದರೆ 30 ಎಚ್‌ಪಿ (ಜೀವಬಲ), ಹೈ-ಪೋಷನ್ ಆದರೆ 70, ಎಕ್ಸ್-ಪೋಷನ್ ಆದರೆ 150. ಚೀಲದಲ್ಲಿ ಒಂದೇ ಒಂದು ಪೋಷನ್ ಉಳಿದಿದ್ದರೂ ಅದು ಖಾಲಿಯಾಗುವವರೆಗೆ 30ರಲ್ಲೇ ಒದ್ದಾಟ. ಅಂಗಡಿಗೆ ಹೋಗಿ ಕೆಳದರ್ಜೆಯವನ್ನು ಒಂದೂ ಬಿಡದಂತೆ ಮಾರಿ, ಸಿಗುವುದರಲ್ಲಿ ಮೇಲಿನದನ್ನೇ ತುಂಬಿಸಿ.

ಇದು ಎಷ್ಟು ಸಲ ಕೆಲಸ ಮಾಡುತ್ತದೆ ಎಂಬುದು ಬ್ರೇವ್ (ಧೈರ್ಯದ ಅಂಕೆ) ಮೇಲಿದೆ. ಬ್ರೇವ್ 70 ಇದ್ದರೆ ನೂರಕ್ಕೆ 70 ಸಲ. ರಾಮ್ಜಾನ ಸ್ಟೀಲ್ ವಿದ್ಯೆ ಒಂದು ಸಲಕ್ಕೆ 5 ಬ್ರೇವ್ ಏರಿಸುತ್ತದೆ. ಕಾಳಗದಲ್ಲಿ ಏರಿದ ಪ್ರತಿ 4ಕ್ಕೆ 1 ಶಾಶ್ವತವಾಗಿ ಉಳಿಯುತ್ತದೆ. ಬಡ ಶತ್ರು ಒಬ್ಬನನ್ನು ಉಳಿಸಿಕೊಂಡು ನಾಲ್ಕು ಸಲ ಸ್ಟೀಲ್ ಹಾಕಿದರೆ 5 ಬ್ರೇವ್ ಗಂಟಿಗೆ ಸೇರಿತು. ಫೇತ್ (ನಂಬಿಕೆಯ ಅಂಕೆ) ವಿಷಯದಲ್ಲಿ ಮಾತ್ರ ಆಸೆ ಬೇಡ. ಮಂತ್ರದ ಬಲ ಹಾಕುವವನ ಮತ್ತು ತಿನ್ನುವವನ, ಇಬ್ಬರ ಫೇತ್ ಗುಣಿಸಿ ಬರುತ್ತದೆ, ಅಂದರೆ ಫೇತ್ ಏರಿದಂತೆ ನಿಮಗೆ ಬೀಳುವ ಪೆಟ್ಟೂ ಏರುತ್ತದೆ. ಶಾಶ್ವತ ಫೇತ್ 95 ಮುಟ್ಟಿದವರು ಪಡೆ ಬಿಟ್ಟೇ ಹೋಗುತ್ತಾರೆ.

ವೀಗ್ರಾಫ್

ಕೋಟೆ ಹೊಗುವ ಮುನ್ನ, ಭೂಪಟದಲ್ಲಿ ನಿಂತಿರುವಾಗಲೇ ಬೇರೆ ಸ್ಲಾಟ್‌ನಲ್ಲಿ ಒಂದು ಸೇವ್ ಮಾಡಿ. ಬಾಗಿಲ ಕಾಳಗ ಮುಗಿದ ಮೇಲೆ ಆಟವೇ ಸೇವ್ ಮಾಡುತ್ತೀರಾ ಎಂದು ಕೇಳುತ್ತದೆ. ಇದ್ದ ಒಂದೇ ಸ್ಲಾಟ್‌ನ ಮೇಲೆ ಬರೆದರೆ ಹಿಂದಕ್ಕೆ ದಾರಿಯಿಲ್ಲ, ಅಂಗಡಿಯಿಲ್ಲ, ಲೆವೆಲ್ ಏರಿಸಲು ಬಯಲೂ ಇಲ್ಲ. ಹಾಗೆ ಸಿಕ್ಕಿಬಿದ್ದರೆ ಆಟವನ್ನು ಮೊದಲಿನಿಂದ ಶುರುಮಾಡಬೇಕಾಗಿ ಬರಬಹುದು.

ರಾಮ್ಜಾನಿಗೆ ಬೇಕಾದ್ದು ಟೇಲ್‌ವಿಂಡ್. ಒಂದು ಸಲ ಹಾಕಿದರೆ ಸ್ಪೀಡ್ 1 ಏರುತ್ತದೆ, ಕಾಯಬೇಕಾಗಿಲ್ಲ. ಇದು ಅವನ ಸ್ಕ್ವೈರ್ ಜಾಬ್‌ನ ವಿದ್ಯೆ. ಬೇರೆ ಜಾಬ್‌ನಲ್ಲಿದ್ದರೆ ಎರಡನೇ ವಿದ್ಯೆಯಾಗಿ ಇಟ್ಟುಕೊಳ್ಳಿ. ಏಟಿಗೆ ತಾನಾಗಿ ಕೆಲಸ ಮಾಡುವ ವಿದ್ಯೆಗೆಂದಿರುವ ರಿಯಾಕ್ಷನ್ ಜಾಗದಲ್ಲಿ ಆಟೋ-ಪೋಷನ್. ತಲೆಗೆ ಗ್ರೀನ್ ಬೆರೆ, ಅದು ಸ್ಪೀಡ್ +1.

ಕಾಳಗ ಶುರುವಾದಾಗ ಹೊಡೆಯಲು ಹೋಗಬೇಡಿ. ದೂರ ಸರಿದು ಟೇಲ್‌ವಿಂಡ್ ಹಾಕುತ್ತಲೇ ಇರಿ. ಮೊದಲ ನಾಲ್ಕೈದು ಸರದಿಗಳೇ ಕಷ್ಟ. ಎಚ್‌ಪಿ ಇನ್ನೊಂದು ಏಟು ತಡೆಯದು ಅನ್ನಿಸಿದರೆ ಆ ಸರದಿ ಔಷಧಿಗೆ ಹೋಗಲಿ. ಬಿದ್ದುಬಿಟ್ಟರೆ ಆಟೋ-ಪೋಷನ್ ಕೂಡ ನೆರವಿಗೆ ಬರದು. ಎದುರಾಳಿಯ ಸ್ಪೀಡ್ 9 ಎಂದಿಟ್ಟುಕೊಳ್ಳಿ, ಅವನಿಗೆ 12 ಟಿಕ್‌ಗೊಂದು ಸರದಿ. ಸ್ಪೀಡ್ 8ರಲ್ಲಿ ಶುರುಮಾಡಿದ ರಾಮ್ಜಾ ಹತ್ತು ಟೇಲ್‌ವಿಂಡ್ ಮುಗಿಸಿ 18 ಮುಟ್ಟಿದಾಗ ಅವನಿಗೆ 6 ಟಿಕ್ ಸಾಕು. ಎದುರಾಳಿಯ ಒಂದು ಸರದಿಗೆ ನಿಮ್ಮ ಎರಡು. 25ಕ್ಕೆ ಬಂದರೆ ಅವನ ಒಂದಕ್ಕೆ ನಿಮ್ಮ ಮೂರು. ಅಲ್ಲಿಂದಾಚೆ ಸರದಿಗಳು ಪುಕ್ಕಟೆ: ಮೊದಲು ಫೋಕಸ್ ಹಾಕಿ ತೋಳ್ಬಲ ಏರಿಸಿಕೊಳ್ಳಿ, ಆಮೇಲೆ ಬೆನ್ನ ಹಿಂದೆ ಹೋಗಿ ಹೊಡೆಯಿರಿ. ಬೆನ್ನಿಗೆ ಬಿದ್ದ ಏಟನ್ನು ಗುರಾಣಿ ತಡೆಯದು.

ಎಚ್‌ಪಿ ಇಳಿದಾಗ ವೀಗ್ರಾಫ್ ಬೆಲಿಯಾಸ್ ಎಂಬ ದೈತ್ಯನಾಗಿ ಎದ್ದು ನಿಲ್ಲುತ್ತಾನೆ, ಜೊತೆಗೆ ರಾಕ್ಷಸರು. ನಿಮ್ಮ ಪಡೆಯೂ ಆಗ ಒಳಗೆ ಬರುತ್ತದೆ. ರಾಕ್ಷಸರ ಗೊಡವೆಗೆ ಹೋಗಬೇಡಿ, ಬೆಲಿಯಾಸ್ ಬಿದ್ದರೆ ಕಾಳಗ ಮುಗಿಯಿತು.

ಚಾವಣಿಯ ಮೇಲೆ ಸಮಸ್ಯೆ ಬೇರೆ. ನೀವು ಕಾಪಾಡಬೇಕಾದ ರಾಫಾ ನಿಮ್ಮ ಮಾತು ಕೇಳುವುದಿಲ್ಲ. ತಾನಾಗಿ ಶತ್ರುವಿನತ್ತ ಓಡುತ್ತಾಳೆ, ಅವಳು ಸತ್ತರೆ ಸೋಲು. ಕೆಲವು ಸಲ ನಿಮ್ಮವರ ಮೊದಲ ಸರದಿಗೂ ಮುಂಚೆಯೇ ಅವಳ ಕಥೆ ಮುಗಿಯುತ್ತದೆ. ಅದಕ್ಕೆ ಬೈದುಕೊಂಡು ಮತ್ತೆ ಲೋಡ್ ಮಾಡುವುದಷ್ಟೇ ದಾರಿ. ಎಲ್ಲರನ್ನೂ ಕೊಲ್ಲಬೇಕಿಲ್ಲ. ಶತ್ರು ನಾಯಕ ಎಲ್ಮ್‌ಡೋರ್ ಅಥವಾ ಅವನ ಇಬ್ಬರು ಹಂತಕಿಯರಲ್ಲಿ ಯಾರಾದರೊಬ್ಬರ ಎಚ್‌ಪಿ ಅಪಾಯದ ಮಟ್ಟಕ್ಕಿಳಿದರೆ ಅವರು ಜಾಗ ಖಾಲಿಮಾಡುತ್ತಾರೆ. ಆದ್ದರಿಂದ ಇಲ್ಲಿಗೆ ಕವಚಧಾರಿ ನೈಟ್‌ಗಳಲ್ಲ, ಸ್ಪೀಡ್ ಏರಿಸುವ ಟೋಪಿ, ಬೂಟು ತೊಟ್ಟ ನಿಂಜಾ, ಥೀಫ್‌ಗಳು ಬರಲಿ. ಒಬ್ಬಳನ್ನೇ ಆರಿಸಿಕೊಂಡು ಎಲ್ಲರೂ ಅವಳ ಮೇಲೆ ಬೀಳಿ.

ಕೋಟೆಯ ಹಾಗೆ ಹಿಂದಕ್ಕೆ ಬರಲು ಬಿಡದ ಬೀಗ ಆಟದ ಕೊನೆಯಲ್ಲಿ ಇನ್ನೊಂದಿದೆ. ಆರ್ಬೋನ್ ಮಠಕ್ಕೆ ಕೊನೆಯ ಬಾರಿ ಇಳಿದರೆ ಕಾಳಗದ ಮೇಲೆ ಕಾಳಗ, ಭೂಪಟಕ್ಕೆ ಮರಳುವಂತಿಲ್ಲ. ಇಳಿಯುವ ಮುನ್ನ ಅಂಗಡಿಗೆ ಹೋಗಿ ಫೀನಿಕ್ಸ್ ಡೌನ್, ಎಕ್ಸ್-ಪೋಷನ್ ತುಂಬಿಸಿಕೊಳ್ಳಿ, ಬೇರೆ ಸ್ಲಾಟ್‌ನಲ್ಲಿ ಸೇವ್ ಮಾಡಿ, ಚೀಲದಲ್ಲಿ ಹಳೆಯ ಪೋಷನ್ ಒಂದೂ ಉಳಿದಿಲ್ಲವೆಂದು ಇನ್ನೊಮ್ಮೆ ನೋಡಿ.