ಬೇಳ ಇಗರ್ಜಿಗೆ ಹೋಗುವುದಾದರೆ

ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಬಸ್ ಹತ್ತಿ. ಸೀತಾಂಗೋಳಿ ದಾಟಿದರೆ ಬೇಳ. ನಾನು ಪಕ್ಕದ ನೀರ್ಚಾಲಿನವಳು. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕ್ರಾಸ್ತಾ, ಡಿಸೋಜ ಮನೆಗಳ ಹುಡುಗಿಯರು ಕೂರುತ್ತಿದ್ದರು. ಆದರೂ ಅವರ ಇಗರ್ಜಿಯ ಒಳಗೆ ನಾನು ಕಾಲಿಟ್ಟದ್ದು ನಲವತ್ತು ದಾಟಿದ ಮೇಲೆ.

ಭಾನುವಾರ ಪೂಜೆಯ ಹೊತ್ತಿಗೆ ಕ್ಯಾಮೆರಾ ಹಿಡಿದು ಹೋಗಬೇಡಿ. ವಾರದ ದಿನ, ಸಂಜೆ ನಾಲ್ಕರ ಮೇಲೆ ಹೋಗಿ. ಮೊದಲು ಫಾದರ್ ಹತ್ತಿರ ಎರಡು ಮಾತಾಡಿ, ಒಪ್ಪಿಗೆ ಕೇಳಿ.

ಶೋಕಮಾತೆಯ ಹೆಸರಿನ ಈ ಇಗರ್ಜಿ 1890ರದ್ದು. ಗೋಥಿಕ್ ಶೈಲಿಯ ಕಟ್ಟಡ, ನೋಡಲು ಬಹಳ ಚಂದ. ಆದರೆ ಯಾವ ಇಗರ್ಜಿಗೆ ಹೋದರೂ ಎರಡು ಇಸವಿ ಕೇಳಿ: ಕಟ್ಟಡ ಎದ್ದದ್ದು ಯಾವಾಗ, ಜನ ಬಂದದ್ದು ಯಾವಾಗ. ಎರಡೂ ಒಂದೇ ಅಲ್ಲ. ಗೋವಾದಿಂದ ಕೊಂಕಣಿ ಕ್ರೈಸ್ತರು ಈ ಕರಾವಳಿಗೆ ಬಂದು ನೆಲೆಸಿದ್ದು ಎಷ್ಟೋ ಮೊದಲು. 1784ರಲ್ಲಿ ಟಿಪ್ಪು ಅವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಹಲವು ಇಗರ್ಜಿಗಳು ನೆಲಸಮವಾದವು. ಬದುಕಿ ಉಳಿದವರು ವಾಪಸ್ ಬಂದದ್ದು 1799ರಲ್ಲಿ ಅವನು ಸತ್ತ ಮೇಲೆ.

ಒಳಗೆ ಅರ್ಧ ಗಂಟೆ ಸಾಕು. ಉಳಿದ ಹೊತ್ತನ್ನು ಸಮಾಧಿ ಕಲ್ಲುಗಳಿಗೆ ಇಡಿ. ನಮ್ಮ ಕಡೆಯ ಇಗರ್ಜಿಗಳಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು. ಮಾತು ಕೊಂಕಣಿ, ಅಕ್ಷರ ಕನ್ನಡ. ‘ಜನನ್’, ‘ಮರಣ್’ ಎಂದು ಕೆತ್ತಿರುತ್ತದೆ. ಕೊನೆಯ ಸ್ವರ ಸೇರಿಸಿದರೆ ನಮ್ಮದೇ ಪದಗಳು, ಅಲ್ವಾ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲಿನ ಕಲ್ಲುಗಳನ್ನು ಬೇರೆಯಾಗಿ ನೋಡಿ. ನಾನು ಓದಿದವುಗಳಲ್ಲಿ ಜಾಸ್ತಿ ಕಲ್ಲುಗಳ ಮೇಲೆ ಇದ್ದದ್ದು ಕನ್ನಡ ಅಕ್ಷರವೇ.

ಅಕ್ಷರ ಮಾಸಿದ್ದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯಿರಿ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಹೆಸರು ಎದ್ದು ಬರುತ್ತದೆ. ಸೀಮೆಸುಣ್ಣ ಮಾತ್ರ ತಿಕ್ಕಬೇಡಿ. ನಾನೊಮ್ಮೆ ಬೇರೊಂದು ಊರಿನಲ್ಲಿ ತಿಕ್ಕಿದ್ದೆ. ಹೂವು ಇಡಲು ಬಂದ ಆ ಮನೆಯ ಅಜ್ಜಿ ಏನೂ ಅನ್ನದೆ ಸೆರಗಿನಲ್ಲಿ ಒರೆಸತೊಡಗಿದರು. ನಾನೂ ಕೈ ಹಾಕಿದೆ. ಒರೆಸುತ್ತಲೇ ಅವರು ಅಲ್ಲಿ ಮಲಗಿದವರ ಕಥೆ ಹೇಳಿದರು. ಕತ್ತಲಾಗುವವರೆಗೂ ಹೇಳಿದರು.